ನಡುವಿನ ಪೆಡಲ್

ಇಳಕಲ್ಲಿನ ಓಣಿಯಲ್ಲಿ ನೇಕಾರನೊಬ್ಬ ಸೀರೆಯ ಹಾಸಿನ ಎಳೆಗಳನ್ನು ಉದ್ದಕ್ಕೂ ಬಿಗಿದು ಗಂಜಿ ಹಚ್ಚುತ್ತಿದ್ದ. ಮಾವನ ಮೋಟಾರು ಓಡಿಸುತ್ತಿದ್ದ ನಾನು ಅದನ್ನು ಕಂಡೊಡನೆ ಬ್ರೇಕ್ ಎಂದುಕೊಂಡು ನಡುವಿನ ಪೆಡಲ್ ತುಳಿದೆ. ಮೋಟಾರು ಮುಂದಕ್ಕೆ ಹಾರಿತು. ನೂರಾರು ಕೆಂಪು ಎಳೆಗಳು ಗಾಲಿಗೆ ಸುತ್ತಿಕೊಂಡು ಪಟಪಟನೆ ಹರಿದವು.

ಪಕ್ಕದಲ್ಲಿದ್ದ ನಮ್ಮ ಮಾವನ ಡ್ರೈವರ್ ಹುಸೇನಸಾಬ ಹಣೆ ಬಡಿದುಕೊಂಡ. "ಈ ಹಳೇ ಗಾಡ್ಯಾಗ ವೇಗದ್ದು ನಡುವ ಐತಿ, ಬ್ರೇಕ್ ಬಲಕ ಐತಿ ಅಂತ ಹೇಳಿದ್ನಲ್ರೀ!"

ಹೇಳಿದ್ದ. ಆದರೆ ಮೂರೂ ಪೆಡಲ್‌ಗಳು ಒಂದೇ ಎತ್ತರ. ಬ್ರೇಕ್ ನಡುವೆ ಇರುವ ಕಚೇರಿಯ ಹೊಸ ಮೋಟಾರಿನಲ್ಲಿ ಕಲಿತ ನನ್ನ ಕಾಲು ಆ ರೂಢಿಯಂತೆಯೇ ಹೋಗಿತ್ತು.

ಮುದುಕ ನೇಕಾರ ಬೈಯಲಿಲ್ಲ. ಗಾಲಿಯ ಬಳಿ ಕೂತು ಎಳೆಗಳನ್ನು ಬಿಡಿಸತೊಡಗಿದ. ಬೇರೆ ನೂಲು ತಂದುಕೊಡುತ್ತೇನೆಂದೆ.

"ನೂಲು ಸಿಗತೈತ್ರಿ. ಮಂದಿ ಸೀರಿ ನೇಯ್ದು ನೇಯ್ದು ನನ್ನ ಕಣ್ಣು ಹೋದ್ವು. ಮೊಮ್ಮಗಳ ಲಗ್ನಕ್ಕ ಇದೊಂದು ಕಡೀದು ಅಂತ ಹಾಸಿದ್ದೆ."

ಮಾವ ಆ ಮೋಟಾರು ಮಾರಿ ವರ್ಷಗಳಾದವು. ನಾನು ಮತ್ತೆ ಸ್ಟೇರಿಂಗ್ ಮುಟ್ಟಿಲ್ಲ. ಆದರೂ ಬಾಡಿಗೆ ಮೋಟಾರಿನ ಹಿಂದಿನ ಸೀಟಿನಲ್ಲಿ ಕೂತಾಗಲೂ ನನ್ನ ಬಲಗಾಲು ಬ್ರೇಕ್ ಹುಡುಕುತ್ತದೆ. ಅಲ್ಲಿ ಏನೂ ಸಿಗುವುದಿಲ್ಲ.