ಬುತ್ತಿ ಬುಟ್ಟಿ ಎತ್ತಿದಾಕೀನ ಯಾಕಂತ ಕೇಳಬಾರದು

ತಿಕೋಂಡಿ ಭಾಗವ್ವನ ಟೋಳಿ ಅಂದ್ರ ಉಮದಿ ಕಡೆ ದ್ರಾಕ್ಷಿ ತೋಟದವರು ಆಕಿ ಮನಿ ಬಾಗಲಾ ಕಾಯ್ತಾರ. ಆಕೀನೂ ಹಿಡದು ಹನ್ನೆರಡು ಹೆಣ್ಣಾಳು, ಕೆಲಸ ಭಾಳ ಚೊಕ್ಕ. ಭಾಗವ್ವನ ಬಾಯಿ ಮಾತ್ರ ಜೋರು, ಅದನ್ನ ತಡಕೋಬೇಕು.

ಚಾಟ್ಣಿ, ಅಂದ್ರ ಕಡ್ಡಿ ಕತ್ತರಿಸೂದು, ಆದ ಮ್ಯಾಲ ಬಳ್ಳಿ ಲಗೂನ ಚಿಗೀಲಿ ಅಂತ ಕಡ್ಡಿಕಡ್ಡಿಗೂ ಔಷಧ ಹಚ್ಚತಾರ. ಹಿಂದಕ ಅರಿವಿ ತುಂಡು ಅದ್ದಿ ಬರಿಗೈಲೇ ಹಚ್ಚತಿದ್ರು, ಕೈ ಚರ್ಮ ಸುಲೀತಿತ್ತು. ಇಪ್ಪತ್ತೈದು ವರ್ಷದ ಕೆಳಗ ಭಾಗವ್ವನೂ ಹಚ್ಚಿದ್ಲು, ಹೊಟ್ಟ್ಯಾಗ ಎರಡು ತಿಂಗಳ ಕೂಸು ಇಟಗೊಂಡು. ಮೂರು ತುಂಬೂತನಕ ಬಸಿರ ಸುದ್ದಿ ಹೇಳಿದ್ರ ದೃಷ್ಟಿ ಆಗತದ ಅಂತ ನಮ್ಮ ಕಡೆ ನಂಬಿಕಿ. ಆಕಿ ಬಾಯಿ ಬಿಡಲಿಲ್ಲ. ಕೂಸು ಉಳೀಲಿಲ್ಲ. ಔಷಧದಿಂದನೇ ಹೋತು ಅಂತ ಹೇಳಾಕ ಬರೂದಿಲ್ಲ, ಆದ್ರ ಬಸುರಿ ಅದನ್ನ ಮುಟ್ಟಬಾರದಿತ್ತು ಅಂತ ಜತ್ತದ ಡಾಕ್ಟರಬಾಯಿ ಅಂದ್ರು. ಆ ಸಂಕಟ ಆಕಿ ಯಾರ ಮುಂದೂ ಆಡಲಿಲ್ಲ.

ಮುಂದ ಟೋಳಿ ಕಟ್ಟಿದಾಗ ಎಲ್ಲಾರ ಕೈಗೂ ರಬ್ಬರ್ ಗ್ಲೋವ್ಸ್ ಹಾಕಿಸಿದ್ಲು. ಮತ್ತ ಒಂದು ಕಟ್ಟಳಿ ಮಾಡಿದ್ಲು. ಔಷಧ ಹಚ್ಚೂ ದಿನ ತೋಟದ ಹೊರಗ ಬೇವಿನ ಗಿಡದ ಬುಡಕ ಎರಡು ಬುತ್ತಿ ಬುಟ್ಟಿ. ಅವನ್ನ ಎತ್ತಿದವರು ಅವತ್ತು ಚಹಾ ಕಾಸ್ಕೊಂತ ಗಿಡದ ಕೆಳಗೇ ಇರಬೇಕು. ಪಗಾರ ಎಲ್ಲಾರ ಸಮ. ಯಾಕಂತ ಯಾರೂ ಕೇಳಬಾರದು. ಗುಟ್ಟು ಗುಟ್ಟಾಗೇ ಉಳೀಲಿ ಅಂತ ಬಸುರಿ ಅಲ್ಲದವರೂ ಸರದಿ ಮ್ಯಾಲ ಎತ್ತತಿದ್ರು. ಎಂಥಾ ತಲಿ ನೋಡ್ರಿ, ಸಾಲಿ ಮೆಟ್ಟಲಾ ಹತ್ತದಾಕಿದು!

ಹ್ವಾದ ವರ್ಷ, ಸೊರಡಿಯಿಂದ ತಿಕೋಂಡಿಗೆ ಸೊಸಿಯಾಗಿ ಬಂದ ದೀಪಾಲಿ ಬುಟ್ಟಿ ಎತ್ತಿದ್ಲು. ತೋಟದ ಮಾಲಕ ವಿಜಯಕುಮಾರ ಈ ಟೋಳಿಗೆ ಹೊಸಬ. ಕುಂತವರಿಗೆ ಪಗಾರ ಯಾಕ, ಬಸುರಿದ್ರ ಎಲ್ಲಾರ ಮುಂದ ಹೇಳಲಿ, ಮನಿಗೆ ಹೋಗಲಿ ಅಂದ. ಆ ಹುಡುಗಿಗೆ ಹಿಂದ ಒಂದು ಸಲ ಬಸಿರು ಇಳದಿತ್ತು. ಹೇಳಿ ದೃಷ್ಟಿ ಮಾಡಿಸಿಕೊಳ್ಳೂದಕ್ಕಿಂತ ಔಷಧನೇ ವಾಸಿ ಅಂತ ಸುಮ್ನ ಬುಟ್ಟಿ ಇಳಿಸಿ, ಗ್ಲೋವ್ಸಿಗೆ ಕೈ ಹಾಕಿದ್ಲು.

ಭಾಗವ್ವ ಗ್ಲೋವ್ಸ್ ಕಸಗೊಂಡು ಬುಟ್ಟಿ ಮತ್ತ ಆಕಿ ಕೈಗೆ ಕೊಟ್ಲು. ಇನ್ನೊಂದನ್ನ ತನ್ನ ಟೊಂಕದ ಮ್ಯಾಲ ಇಟಗೊಂಡ್ಲು.

"ನಾನೇ ಬಸುರಿ ಅಂತ ತಿಳಕೋರಿ, ಮಾಲಕರ. ಈಕಿ ನನ್ನ ನೋಡಕೊಳ್ಳಾಕ."

ಐವತ್ತೈದರ ನರೆಗೂದಲ ಮುದುಕಿ! ಹೆಂಗಸರು ನಗು ತಡೀಲಾರದ ನಕ್ಕು, ಅಲ್ಲೇ ಕೈಕಟ್ಟಿ ಕುಂತಬಿಟ್ರು. ಚಾಟ್ಣಿ ಆದ ಬಳ್ಳಿ ಔಷಧಕ್ಕ ಎರಡು ದಿನದ ಮ್ಯಾಲ ಕಾಯೂದಿಲ್ಲ, ಅದು ಮಾಲಕಗೂ ಗೊತ್ತು. ಆತು, ಹಚ್ಚರಿ ಅಂದ. ಭಾಗವ್ವನ ಸಾಲು ಉಳದ ಹತ್ತು ಮಂದಿ ಹಂಚಕೊಂಡ್ರು.

ಬ್ಯಾಸಗಿ ಕಡೀಕ ದೀಪಾಲಿ ಹೆಣ್ಣು ಹಡದ್ಲು. ನೋಡಾಕ ಹೋದ ಭಾಗವ್ವ ಕೂಸಿನ ಬೆರಳು ಒಂದೊಂದೇ ಬಿಡಿಸಿ ನೋಡಿ, ಏಕಾಏಕಿ ಅಳಾಕ ಹತ್ತಿದ್ಲು. ಯಾಕಬೇ ಅಂತ ದೀಪಾಲಿ ಗಾಬರಿ ಆದ್ಲು.

"ನನಗೂ ಒಂದು ಇತ್ತವ್ವಾ," ಅಂದ್ಲು ಭಾಗವ್ವ. "ಯಾರಿಗೂ ಹೇಳಿರಲಿಲ್ಲ."