ಅತ್ತಿಮನಿಯ ಊಟ

ಎಸ್ಸೆಸ್ಸೆಲ್ಸಿ ಪಾಸಾದ ವರ್ಷ ಶಿಕ್ಷಕಿಯಾಗಲು ಬೇಕಾದ ಟಿ.ಸಿ.ಎಚ್. ಓದಲು ನಾನು ಗಬ್ಬೂರಿನಿಂದ ರಾಯಚೂರಿಗೆ ಬಂದೆ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಅಪ್ಪ ರಸ್ತೆ ಕೆಲಸದ ಗ್ಯಾಂಗಿನಲ್ಲಿ ಕೂಲಿ, ಅವ್ವ ಹೊಲದ ಕೂಲಿ. ಮನೆಯಲ್ಲಿ ಹೈಸ್ಕೂಲು ದಾಟಿದವಳು ನಾನೊಬ್ಬಳೇ. ಮಾಸ್ತರರು ಹಾಸ್ಟೆಲ್ ಕೊಡಿಸುತ್ತೇನೆ ಅಂದಿದ್ದರು. ಅಷ್ಟರಲ್ಲಿ ಅಪ್ಪನ ಅಕ್ಕ, ರಾಯಚೂರಿನ ನನ್ನ ಸೋದರತ್ತಿ, ಸುದ್ದಿ ಕೇಳಿ ಬಸ್ ಹತ್ತಿ ಬಂದೇಬಿಟ್ಟಳು.

"ನಾ ಇನ್ನಾ ಜೀವಂತ ಅದೀನಿ. ನನ್ನ ಸೊಸಿ ಹಾಸ್ಟೆಲ್‌ನಾಗ ಯಾಕ ಉಣ್ಣಬೇಕು?" ಅಂದಳು.

ನಮ್ಮ ಕಡೆ ತಮ್ಮನ ಮಗಳೂ ಸೊಸಿ, ಮಗನ ಹೆಂಡತಿಯೂ ಸೊಸಿ. ಅವತ್ತು ನನಗೆ ಮೊದಲನೆಯ ಅರ್ಥವಷ್ಟೇ ತಿಳಿಯಿತು. ಅಪ್ಪನಿಗೆ ಎರಡೂ ತಿಳಿದಿರಬೇಕು. ಅವನು ಸುಮ್ಮನೆ ನನ್ನ ಟ್ರಂಕು ಹೊತ್ತು ಬಸ್ಸಿನ ಮೇಲೆ ಹಾಕಿದ.

ಅತ್ತಿಯ ಗಂಡ ಹತ್ತಿ ಮಿಲ್ಲಿನಲ್ಲಿ ಮೇಸ್ತ್ರಿ. ಒಬ್ಬನೇ ಮಗ, ಬಜಾರದಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಓಣಿಯ ಕೊನೆಗೆ ಎರಡು ಖೋಲಿಯ ಕಲ್ಲಿನ ಮನೆ. ಕಿಟಕಿ ಇರಲಿಲ್ಲ, ಮಾಳಿಗೆಯಲ್ಲೊಂದು ಬೆಳಕಿಂಡಿ ಇತ್ತು. ಬ್ಯಾಸಗಿಯಲ್ಲಿ ಹೊತ್ತು ಏರುವ ಮುಂಚೆಯೇ ಬಾಗಿಲು ಹಾಕಿದರೆ ಸಂಜೆಯವರೆಗೂ ತೆಗೆಯುತ್ತಿರಲಿಲ್ಲ. ಕಾಲೇಜು ಬಿಟ್ಟರೆ ಮನೆ, ಮನೆ ಬಿಟ್ಟರೆ ಕಾಲೇಜು. ಹೋಗುವಾಗ ಅತ್ತಿ ಓಣಿಯ ತಿರುವಿನವರೆಗೂ ಬಂದು ನಿಲ್ಲುತ್ತಿದ್ದಳು. ಬರುವಾಗಲೂ ಅಲ್ಲೇ ನಿಂತಿರುತ್ತಿದ್ದಳು. ಗೆಳತಿಯರು ಕೋಟೆ ನೋಡಲು ಕರೆದರು, ಸಿನಿಮಾಕ್ಕೆ ಕರೆದರು. "ಏನ್ ನೋಡತೀ ಆ ಕಲ್ಲ? ಮನ್ಯಾಗ ಕಲ್ಲಿಲ್ಲೇನು?" ಅನ್ನುತ್ತಿದ್ದಳು ಅತ್ತಿ. ಸಿಟ್ಟಿನಿಂದಲ್ಲ, ನಗುನಗುತ್ತಲೇ.

ಹೀಗೆ ರಾಯಚೂರೆಂಬ ಊರನ್ನು ನಾನು ನೋಡಿದ್ದು ಕಡಿಮೆ, ಉಂಡದ್ದೇ ಹೆಚ್ಚು. ನಮ್ಮೂರಲ್ಲಿ ಅನ್ನವೆಂದರೆ ಹಬ್ಬ. ಇಲ್ಲಿ ದಿನವೂ ಅನ್ನ. ಬೆಳಿಗ್ಗೆ ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನಬೇಕೆಂದು ಕೊಟ್ಟಾಗ, ಜ್ವರ ಬಾರದೆ ಇದನ್ನು ಯಾಕೆ ತಿನ್ನಬೇಕೆಂದು ಕೇಳಿದ್ದೆ. ಗಬ್ಬೂರಿನಲ್ಲಿ ಬ್ರೆಡ್ಡು ಜಡ್ಡಿನವರಿಗೆ. ಪಕ್ಕದ ಮನೆಯ ತೆಲುಗಿನ ಅಕ್ಕ ಒಂದು ದಿನ ಬಟ್ಟಲಲ್ಲಿ ಗೋಂಗೂರ ಪಚ್ಚಡಿ ತಂದು, ಇದನ್ನು ನೀವು ತಿಂದೇ ಇಲ್ಲ ಅಂದಳು. ಬೆರಳಲ್ಲಿ ಹಚ್ಚಿ ನೆಕ್ಕಿದೆ. ನಮ್ಮ ಪುಂಡಿಪಲ್ಯ! ಎಣ್ಣೆ ಕುಡಿದು, ಬೆಳ್ಳುಳ್ಳಿ ಒಗ್ಗರಣೆ ಹಾಕಿಸಿಕೊಂಡು ಶ್ರೀಮಂತವಾಗಿತ್ತು ಅಷ್ಟೆ. ಊರು ಬಿಟ್ಟ ಮೇಲೆ ಮೊದಲ ಸಲ ನಾನು ಹೊಟ್ಟೆ ತುಂಬ ನಕ್ಕೆ.

ಅತ್ತಿಯ ಮಗ ಪ್ರತಿ ಶನಿವಾರ ಹೋಟೆಲಿನಿಂದ ಇಡ್ಲಿ ಕಟ್ಟಿಸಿಕೊಂಡು ಬರುತ್ತಿದ್ದ. ಹೆಂಗಸರು ಹೋಟೆಲಿಗೆ ಹೋಗುವ ರೂಢಿ ನಮ್ಮಲ್ಲಿರಲಿಲ್ಲ. ಪೇಪರು ಬಿಚ್ಚಿದರೆ ಎಲೆ, ಎಲೆ ಬಿಚ್ಚಿದರೆ ಬೆಳ್ಳಗೆ, ಮೆತ್ತಗೆ ಇಡ್ಲಿ. ಮೊದಲ ತುತ್ತಿಗೆ ಉಪ್ಪೇ ಇಲ್ಲ ಅನಿಸಿತು, ಆಮೇಲಾಮೇಲೆ ಶನಿವಾರಕ್ಕೆ ಕಾಯುವಂತಾದೆ. ಅವನು ಪೊಟ್ಟಣವನ್ನು ನನ್ನ ಕೈಗೆ ಕೊಡುತ್ತಿರಲಿಲ್ಲ. ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಿದ್ದ. ಒಳ್ಳೆಯವನೇ. ಮಾತು ಕಡಿಮೆ.

ಅಡಿಗೆ ಕಲಿಸುವುದರಲ್ಲಿ ಅತ್ತಿಗೆ ಬಹಳ ಹುರುಪು. ನನ್ನ ರೊಟ್ಟಿ ದಪ್ಪ. "ಹಿಂಗಲ್ಲವ್ವಾ, ಹಾಳಿ ಹಂಗಿರಬೇಕು. ಅವಂಗ ದಪ್ಪ ರೊಟ್ಟಿ ಸೇರಂಗಿಲ್ಲ," ಅನ್ನುತ್ತಿದ್ದಳು. ಬದನೆಕಾಯಿಗೆ ಗುರೆಳ್ಳು ಜಾಸ್ತಿ, ಅವನಿಗೆ ಇಷ್ಟ. ಬೇಳೆಗೆ ಹುಳಿ ಕಡಿಮೆ, ಅವನಿಗೆ ಆಗುವುದಿಲ್ಲ. ಮೊದಮೊದಲು ಅದು ನನಗೆ ಪಾಠದಂತೆಯೇ ಕೇಳುತ್ತಿತ್ತು. ಎರಡನೆಯ ವರ್ಷಕ್ಕೆ ಕಾಲಿಡುವಾಗ ಪಕ್ಕದ ಅಕ್ಕ ಗೋಡೆಯ ಮೇಲಿಂದ ಕೇಳಿದಳು: "ಏನಮ್ಮಾ, ಪರೀಕ್ಷಿ ಮುಗದ ಕೂಡ್ಲೆ ಮದಿವಿ ಅಂತಲ್ಲ? ನಿಮ್ಮತ್ತಿ ಆಗಲೇ ಸೀರಿ ನೋಡಾಕತ್ತಾಳ."

ಕೈಯಲ್ಲಿದ್ದ ಹಿಟ್ಟು ಹಾಗೇ ಒಣಗಿತು. ಒಳಗೆ ಹೋದೆ. ಅತ್ತಿ ನನಗಾಗಿ ಮೊಸರು ತೆಗೆದಿಡುತ್ತಿದ್ದಳು. ಇಷ್ಟು ಪ್ರೀತಿಯಿಂದ ಉಣಿಸುವವಳಿಗೆ ಏನೆಂದು ಹೇಳುವುದು? ಬೈದಿದ್ದರೆ, ಹೊಡೆದಿದ್ದರೆ ಊರಿಗೆ ಓಡಿಹೋಗಬಹುದಿತ್ತು. ಅವಳು ಮೊಸರು ಬಡಿಸಿದಳು. ನಾನು ಉಂಡೆ. ಉಂಡ ಪ್ರತಿ ತುತ್ತೂ ಹೂಂ ಅಂದಂತೆ ಆಗುತ್ತಿದೆ ಅನಿಸಿತು. ಉಣ್ಣದೆ ಬಿಟ್ಟರೆ ಯಾಕೆ ಬಿಟ್ಟೆ ಅನ್ನುತ್ತಾಳೆ. ತಿಂಗಳುಗಟ್ಟಲೆ ಹಾಗೇ ಉಂಡೆ.

ಆ ವರ್ಷ ಕಾಲೇಜಿನವರು ಮಾನ್ವಿಯಲ್ಲಿ ಶಿಬಿರ ಇಟ್ಟರು. ಹಾಜರಾಗದಿದ್ದರೆ ಪಾಸಿಲ್ಲ ಅಂದದ್ದಕ್ಕೆ ಅತ್ತಿ ಒಲ್ಲದ ಮನಸ್ಸಿನಿಂದ ಕಳಿಸಿದಳು. ಕ್ಲಾಸಿನಲ್ಲಿ ನನ್ನ ಪಕ್ಕ ಕೂಡುತ್ತಿದ್ದ ಹುಡುಗಿ ಮಾನ್ವಿಯವಳು. ಮನೆಯಲ್ಲಿ ದಖ್ಖನಿ ಮಾತು, ತಂದೆಯದು ಬಟ್ಟೆಯ ಅಂಗಡಿ. ಭಾನುವಾರ ಬೆಳಿಗ್ಗೆ ಮೇಡಮ್ಮರನ್ನು ಕೇಳಿ ನನ್ನನ್ನು ಮನೆಗೆ ಕರೆದೊಯ್ದಳು.

ಅವಳ ತಾಯಿ ಖಿಚಡಿ, ಖಟ್ಟಾ ಮಾಡಿದ್ದರು. ಕೆಂಪು ಬೇಳೆ ಹಾಕಿದ ಬಿಸಿ ಅನ್ನದ ಮೇಲೆ ಹುಣಸೆಹುಳಿ, ಹುರಿದೆಳ್ಳಿನ ತೆಳ್ಳನೆಯ ತಣ್ಣನೆಯ ಸಾರು, ಹಸಿ ಉಳ್ಳಾಗಡ್ಡೆಯ ಚೂರು. ಬಿಸಿಯೂ ತಣ್ಣಗಿನದೂ ಬಾಯಲ್ಲಿ ಒಟ್ಟಿಗೇ ಸೇರಿದವು. ಇಂಥದೊಂದು ಹುಳಿ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಎರಡನೆಯ ಸಲ ಹಾಕಿಸಿಕೊಂಡೆ.

"ರಾತ್ರಿಗೂ ಇಲ್ಲೇ ಉಂಡು ಹೋಗು ಬೇಟಿ," ಅಂದರು ಆ ತಾಯಿ. "ನಿಂಗ ಏನ್ ಸೇರತದ ಹೇಳು, ಅದನ್ನ ಮಾಡ್ತೀನಿ."

"ಏನಾದ್ರೂ ಆಗತದರೀ."

"ಏನಾದ್ರೂ ಅನ್ನೋದು ಒಂದು ಪಲ್ಯದ ಹೆಸರೇನ? ನಿಂಗ ಸೇರೋದು ಹೇಳು."

ಅತ್ತಿಯ ಮಗನಿಗೆ ಸೇರುವುದನ್ನೆಲ್ಲ ನಿದ್ದೆಗಣ್ಣಲ್ಲೂ ಹೇಳಬಲ್ಲೆ, ನನ್ನದು ಗೊತ್ತಿರಲಿಲ್ಲ. ಅಲ್ಲೇ ಉಣ್ಣುತ್ತಿದ್ದ ಗಂಗಾಳದ ಮುಂದೆ ಅಳು ಬಂತು. ಖಾರ ಹತ್ತಿತೇನೋ ಎಂದು ಅವರು ನೀರು ಕೊಟ್ಟರು. ಗೆಳತಿಗೆ ಮಾತ್ರ ಎಲ್ಲ ಹೇಳಿದೆ. "ಹೇಳಿಬಿಡು," ಅಂದಳು. "ಉಂಡದ್ದಕ್ಕ ಮದಿವಿ ಆಗಬೇಕಂದ್ರ ನೀ ಈಗ ನಮ್ಮನ್ಯಾಗೂ ಸೊಸಿ ಆಗಬೇಕಾಗತದ." ಅಳುತ್ತಲೇ ನಕ್ಕೆ.

ರಾಯಚೂರಿಗೆ ಮರಳಿದ ದಿನವೇ ಮದುವೆ ಒಲ್ಲೆನೆಂದು ಅತ್ತಿಗೆ ಹೇಳಿದೆ. ಅತ್ತಿ ಬೈಯಲಿಲ್ಲ. ಮರುದಿನ ಗಬ್ಬೂರಿಗೆ ಹೋಗಿ ಅಪ್ಪನನ್ನು ಕರೆದುಕೊಂಡು ಬಂದಳು. ನಡುಮನೆಯಲ್ಲಿ ಎಲ್ಲರೂ ಕುಂತರು.

"ಲೇ ತಮ್ಮಾ, ನಿನ್ನ ಮಗಳನ್ನ ನೀನ ಕೇಳು," ಅಂದಳು.

"ಯಪ್ಪಾ, ನಾ ಒಲ್ಲೆ. ನೌಕರಿ ಮಾಡತೀನಿ," ಅಂದೆ.

ಅಕ್ಕನೆಂದರೆ ಅಪ್ಪನಿಗೆ ತಾಯಿ, ಎತ್ತಿ ಬೆಳೆಸಿದವಳು. ಆದರೂ, "ಆಕಿ ಒಲ್ಲೆ ಅಂತಾಳಲ್ಲಕ್ಕಾ," ಅಂದ. ಅಷ್ಟೇ ಅಂದ. ಆಮೇಲೆ ನನ್ನ ಕಡೆ ತಿರುಗಿ, "ಟ್ರಂಕ್ ತಗೋ, ಹೋಗೂನು," ಅಂದ.

ಅತ್ತಿ ಬಾಗಿಲಿಗೆ ಅಡ್ಡ ನಿಂತಳು. "ಮದಿವಿ ಮಾತು ಮುಗೀತು. ಆದ್ರ ಪರೀಕ್ಷಿ ಮುಗಿಯೋತನ ಆಕಿ ಇಲ್ಲೇ ಉಣ್ತಾಳ. ನಡುವ ಕರಕೊಂಡು ಹೋದ್ರ ಮಂದಿ ನನ್ನ ಮಾರಿಗೆ ಉಗಳತಾರ."

ಅಪ್ಪ ಒಬ್ಬನೇ ಹೋದ. ನೀರು ಕೂಡ ಕುಡಿಯದೆ ಹೋದ.

ಮುಂದಿನ ತಿಂಗಳುಗಳಷ್ಟು ಉದ್ದದ ತಿಂಗಳುಗಳನ್ನು ನಾನು ಮತ್ತೆ ಕಂಡಿಲ್ಲ. ಅತ್ತಿ ನನ್ನ ಜೊತೆ ಮಾತು ಬಿಟ್ಟಳು. ಅಡಿಗೆಮನೆಗೆ ಹೋದರೆ ಕೈಯಲ್ಲಿದ್ದ ಪಾತ್ರೆ ಇಸಿದುಕೊಳ್ಳುತ್ತಿದ್ದಳು. ಹೊತ್ತಿಗೆ ಸರಿಯಾಗಿ ಗಂಗಾಳ ಮುಂದಿಟ್ಟು ಎದ್ದು ಹೋಗುತ್ತಿದ್ದಳು. ಎಂದೂ ಕಡಿಮೆ ಬಡಿಸಲಿಲ್ಲ. ಎಂದಿನಂತೆ ಮೊಸರು ಇರುತ್ತಿತ್ತು. ಗೋಡೆಗೆ ಮುಖ ಮಾಡಿ ಬೇಗಬೇಗ ನುಂಗುತ್ತಿದ್ದೆ. ಬಾಗಿಲು ಈಗ ತೆರೆದೇ ಇರುತ್ತಿತ್ತು, ಓಣಿಯ ತಿರುವಿನಲ್ಲಿ ಯಾರೂ ನಿಲ್ಲುತ್ತಿರಲಿಲ್ಲ. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು. ನಾನೇ ಎಲ್ಲಿಗೂ ಹೋಗಲಿಲ್ಲ.

ಅತ್ತಿಯ ಮಗ ಮನೆಯಲ್ಲಿ ಉಣ್ಣುವುದನ್ನು ಕಡಿಮೆ ಮಾಡಿದ. ಒಂದು ಮುಂಜಾನೆ ಬಚ್ಚಲಿನ ಹತ್ತಿರ ಎದುರಾದಾಗ, ಸರಿದು ನಿಂತೆ. ಅವನು ಆಚೀಚೆ ನೋಡಿ, "ನೀ ಹೇಳಿದ್ದು ಚಲೋ ಆತು," ಅಂದ. "ನನ್ನೂ ಯಾರೂ ಕೇಳಿದ್ದಿಲ್ಲ." ಎರಡು ವರ್ಷದಲ್ಲಿ ಅವನು ನನ್ನೊಡನೆ ಆಡಿದ ಅತಿ ಉದ್ದದ ಮಾತು ಅದೇ.

ಪರೀಕ್ಷೆ ಮುಗಿಯಿತು. ಮುಂದೆ ಮಲ್ಲಟದ ಶಾಲೆಯಲ್ಲಿ ನನಗೆ ನೌಕರಿ ಆಯಿತು. ಅವನಿಗೆ ದೇವದುರ್ಗದ ಹುಡುಗಿಯೊಡನೆ ಮದುವೆಯಾಯಿತು, ನಮ್ಮನ್ನು ಕರೆಯಲಿಲ್ಲ. ಅಪ್ಪ ಎರಡು ದಿನ ಕೂಲಿಗೂ ಹೋಗಲಿಲ್ಲ. ನಾನು ಬಿಡುಗಡೆ ಪಡೆದದ್ದರ ಬಾಕಿಯನ್ನು ಅವನು ತೀರಿಸುತ್ತಿದ್ದ.

ರಾಯಚೂರು ಬಿಟ್ಟ ದಿನ ಅತ್ತಿಯೇ ಟಾಂಗಾ ಕರೆಸಿದಳು. ಟ್ರಂಕನ್ನು ತಾನೇ ಎತ್ತಿ ಇಟ್ಟಳು. ಕಾಲಿಗೆ ಬಿದ್ದೆ. ಟಾಂಗಾ ಹೊರಡುವಾಗ ಗಾಡಿಯವನಿಗೆ ಕೂಗಿ ಹೇಳಿದಳು:

"ಗಬ್ಬೂರ ಬಸ್ಸಿಗೆ ಹತ್ತಿಸಿ ಬಾರಪ್ಪಾ. ಬಸ್ ಎಲ್ಲಿ ನಿಲ್ಲತದ ಅಂತ ಆಕಿಗೆ ತಿಳಿಯಂಗಿಲ್ಲ."

ಮಾನ್ವಿಗೆ ಹೋಗಿ ಬಂದ ಮೇಲೆ ನನಗೆ ತಿಳಿದಿತ್ತು. "ತಿಳಿದದ ಅತ್ತಿ" ಎಂದು ಹೇಳಬೇಕೆನ್ನುವಷ್ಟರಲ್ಲಿ ಗಾಡಿ ಓಣಿ ದಾಟಿತ್ತು.