ಶಂಕರೆಪ್ಪನವರ ಕೂಲರ್ ಮತ್ತು ಎದುರುಮನೆಯ ಶಾವಿಗೆ

ಮುದ್ದೇಬಿಹಾಳದ ನಮ್ಮ ಓಣಿಯಲ್ಲಿ ಶಂಕರೆಪ್ಪನವರ ಕೂಲರಿಗೆ ಸಿಗುವ ಆರೈಕೆ ಮನುಷ್ಯರಿಗೂ ಸಿಗುವುದಿಲ್ಲ. ಇದು ನನ್ನ ಮಾತಲ್ಲ, ಅವರ ಹೆಂಡತಿ ಲಕ್ಕವ್ವನವರು ಹೇಳಿದ್ದು.

ಶಂಕರೆಪ್ಪನವರು ಆಲಮಟ್ಟಿಯ ಕಾಲುವೆಗೆ ನೀರು ಬಿಡುವ ಕೆಲಸ ಮಾಡಿ ನಿವೃತ್ತರಾದವರು. ಎಂಥ ತೊಂದರೆಯಾದರೂ ನೀರು ಬಿಟ್ಟರೆ ತೀರುತ್ತದೆ ಎಂಬುದು ಅವರ ನಂಬಿಕೆ. ಯುಗಾದಿಗೆ ಮೊದಲೇ ಕೂಲರನ್ನು ತೊಳೆದು, ಮೂರೂ ಪಕ್ಕಕ್ಕೆ ಹೊಸ ಹುಲ್ಲು ತುಂಬಿ, ಹಣೆಗೆ ಹಚ್ಚುವಂತೆ ಅದಕ್ಕೂ ಕುಂಕುಮ ಹಚ್ಚುತ್ತಾರೆ. ಹುಲ್ಲಿನ ಮೇಲೆ ನೀರು ಇಳಿಯುತ್ತಿದ್ದಂತೆ ತಣ್ಣನೆಯ ಗಾಳಿ ಬರುತ್ತದೆ. ಮಧ್ಯಾಹ್ನವಾದರೆ ಓಣಿಯ ಹಿರಿಯರೆಲ್ಲ ಅವರ ಪಡಸಾಲೆಯಲ್ಲಿ. ಗಾಳಿಗೆ ಎದುರಾಗಿ ಯಾರು ಕೂಡಬೇಕು ಎಂಬುದನ್ನು ಅವರೇ ತೀರ್ಮಾನಿಸುತ್ತಾರೆ.

ಈ ಸಲ ಮೇ ತಿಂಗಳಲ್ಲಿ ಬಿಸಿಲೇ ಬೀಳಲಿಲ್ಲ. ದಿನವೂ ಮೋಡ, ಜಿಟಿಜಿಟಿ ಮಳೆ, ಆರದ ಬೆವರು. ಕೂಲರ್ ಮುಂದೆ ಕುಳಿತವರ ಅಂಗಿ ಬೆನ್ನಿಗೆ ಅಂಟತೊಡಗಿತು. ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಶಂಕರೆಪ್ಪನವರು ಕೂಲರಿಗೆ ಇನ್ನಷ್ಟು ನೀರು ಹಾಕಿದರು.

ಆಗಲೇ ಎದುರುಮನೆಯ ಸಿದ್ದಲಿಂಗವ್ವನವರು ವರ್ಷಕ್ಕಾಗುವ ಶಾವಿಗೆ ಹೊಸೆದು ಕುಳಿತಿದ್ದರು. ಸಿಂದಗಿಯಲ್ಲಿರುವ ಮಗಳ ಮನೆಗೆ ಕಳಿಸಬೇಕಾದದ್ದೂ ಅದರಲ್ಲೇ ಇತ್ತು. ಒಣಗದಿದ್ದರೆ ಬೂಷ್ಟು ಹಿಡಿದು ಎಲ್ಲವೂ ತಿಪ್ಪೆಗೆ.

"ಅಕ್ಕಾ, ನಮ್ಮ ಕೂಲರ್ ಇರೂ ಮುಂದ ಚಿಂತಿ ಯಾಕ್ರಿ? ಬಿಸಲಿಗಿಂತ ಗಾಳಿ ಚಲೋ. ತರ್ರಿ ಇಲ್ಲೆ" ಎಂದರು ಶಂಕರೆಪ್ಪ.

ಕೋಲುಗಳ ಮೇಲೆ ಜೋತುಬಿಟ್ಟ ಶಾವಿಗೆ ಪಡಸಾಲೆ ತುಂಬಿತು. ಗಾಳಿ ಹೊರಗೆ ಹೋಗಿ ಹಾಳಾಗಬಾರದೆಂದು ಅವರು ಕಿಟಕಿಗಳನ್ನೆಲ್ಲ ಮುಚ್ಚಿದರು, ಬಾಗಿಲ ಸಂದಿಗೆ ಗೋಣಿಚೀಲ ಒತ್ತಿದರು, ಕೂಲರಿನ ಕಂಠದವರೆಗೆ ನೀರು ತುಂಬಿದರು.

"ನಿನ್ನೆ ಹರವಿದ ನಿಮ್ಮ ಧೋತ್ರ ಕೂಲರ್ ಮುಂದನ ಐತಿ. ಇನ್ನಾ ಆರಿಲ್ಲ" ಎಂದರು ಲಕ್ಕವ್ವ.

"ಧೋತ್ರ ಬ್ಯಾರೆ, ಶಾವಿಗಿ ಬ್ಯಾರೆ. ನೀ ಸುಮ್ನಿರು."

ಮರುದಿನ ಸಿದ್ದಲಿಂಗವ್ವನವರು ಬಂದು ಒಂದು ಎಳೆ ಹಿಡಿದರು. ಅದು ಮುರಿಯಲಿಲ್ಲ, ಬೆರಳಿಗೆ ಅಂಟಿ, ಪಕ್ಕದ ಎಳೆಗಳನ್ನೂ ಕರೆದುಕೊಂಡು ಬಂತು.

"ಶಂಕ್ರಣ್ಣಾ, ಇದನ್ನ ಒಣಗಸಾಕತ್ತೀಯೋ, ಕುದಸಾಕತ್ತೀಯೋ?"

"ನೀರು ಕಡಿಮಿ ಆಗೇತ್ರಿ. ತಡೀರಿ, ಇನ್ನೊಂದ ಕೊಡ..."

"ಕೊಡ ಕೆಳಗಿಡು! ಹಸಿ ಗಾಳಿಗೆ ಶಾವಿಗಿ ಒಣಗತೈತೇನು? ಇದ್ದ ನೀರೂ ಚೆಲ್ಲು."

"ನೀರಿಲ್ಲದ್ದು ಕೂಲರ್ ಹೆಂಗಾಗತೈತ್ರಿ ಅಕ್ಕಾ? ಬರೇ ಫ್ಯಾನ್ ಆತು. ಮಂದಿ ಏನಂದಾರು?"

"ಮಗಳ ಮನಿಗೆ ಹಿಟ್ಟಿನ ಮುದ್ದಿ ಕಳಸ್ಲೇನು? ಅದನರ ಹೇಳು."

ಶಂಕರೆಪ್ಪನವರು ಕೂಲರನ್ನು ನೋಡಿದರು, ಶಾವಿಗೆಯನ್ನು ನೋಡಿದರು. ಕಾಲುವೆಯ ಬಾಗಿಲು ಎತ್ತುವಾಗ ಅವರು ಎಂದೂ ಇಷ್ಟು ಯೋಚಿಸಿದವರಲ್ಲ. ಕೊನೆಗೆ ಬಗ್ಗಿ, ತಾವೇ ತಳದ ಬೂಚು ಕಿತ್ತರು. ನೀರು ಮೋರಿಗೆ ಹರಿಯಿತು. ಸಿದ್ದಲಿಂಗವ್ವನವರು ತೊಯ್ದ ಹುಲ್ಲನ್ನು ಎಳೆದು ಅಂಗಳಕ್ಕೆ ಎಸೆದರು. ಲಕ್ಕವ್ವನವರು ಯಾರನ್ನೂ ಕೇಳದೆ ಕಿಟಕಿಗಳನ್ನೆಲ್ಲ ತೆರೆದರು.

ಮುದ್ದೆಯಾಗಿದ್ದ ಶಾವಿಗೆ ಅಂದೇ ಹಾಲು ಬೆಲ್ಲ ಸೇರಿ ಎರಡೂ ಮನೆಯವರ ಊಟವಾಯಿತು. ಉಳಿದದ್ದು ನೀರಿಲ್ಲದ ಕೂಲರಿನ ಗಾಳಿಗೆ ನಿಧಾನವಾಗಿ ಆರಿ ಸಿಂದಗಿಯ ಬಸ್ಸು ಹತ್ತಿತು.

ಈಗ ಬೇರೆ ಓಣಿಯವರೂ ಶಾವಿಗೆ ಹೊತ್ತು ಬರುತ್ತಿದ್ದಾರೆ. ಶಂಕರೆಪ್ಪನವರು ಯಾರನ್ನೂ ತಿರುಗಿ ಕಳಿಸುವುದಿಲ್ಲ.

"ಶಾವಿಗಿ ಒಣಗಸೂದು ಫ್ಯಾನಿನ ಕೆಲಸ ಅಲ್ರಿ, ಅದಕ್ಕ ಕೂಲರ್ ಬೇಕು" ಎನ್ನುತ್ತಾರೆ. "ನೀರಷ್ಟ ಹಾಕಬಾರ್ದು. ಇದನ್ನ ಕಂಡ ಹಿಡ್ಯಾಕ ನಾ ಭಾಳ ತ್ರಾಸ ತಗೊಂಡೇನಿ."